ಮಾಣಿಕ್ಯದೊಳಗಿನ ಬಾಗಿದ ಗೆರೆ

ಮೊನ್ನೆ ಪುಣೆಯ ಕ್ಯಾಂಪಿನ ಒಡವೆ ಅಂಗಡಿಯೊಂದರಲ್ಲಿ ಓಲೆಯ ಹರಳು ಬಿಗಿ ಮಾಡಿಸಲು ಹೋಗಿದ್ದೆ. ಅಂಗಡಿಯವನು ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ಓಲೆಯನ್ನು ಬೆಳಕಿಗೆ ಹಿಡಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲಿಳಿದು ಹೊರಗೆ ಬಂದುಬಿಟ್ಟೆ...

ಸ್ವಾತಂತ್ರ್ಯ ಬರುವುದಕ್ಕೆ ಬಹಳ ಮುಂಚಿನ ಮಾತು. ಶನಿವಾರ ಪೇಟೆಯಲ್ಲಿ, ಹಲವು ಸಂಸಾರಗಳಿದ್ದ ನಮ್ಮ ವಾಡೆಯ ಎದುರು ಮನೆಯಲ್ಲಿ ಧಾರವಾಡದ ಕಡೆಯ ಮಾಸ್ತರರೊಬ್ಬರಿದ್ದರು. ಕಾಲೇಜಿನಲ್ಲಿ ಕಲ್ಲು, ಖನಿಜಗಳ ಪಾಠ ಹೇಳುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಹೆಂಡತಿ ತೀರಿಕೊಂಡಿದ್ದರು, ಇದ್ದವಳು ಒಬ್ಬಳೇ ಮಗಳು, ನನ್ನ ವಾರಿಗೆಯವಳು, ಗೆಳತಿ. ಬಾವಿ ತೋಡುವಲ್ಲಿ, ಗುಡ್ಡ ಒಡೆಯುವಲ್ಲಿ ಆರಿಸಿ ತಂದ ಕಲ್ಲುಗಳನ್ನು ಕಾಕಾ ರವಿವಾರ ಪಡಸಾಲೆಯಲ್ಲಿ ಹರಡುತ್ತಿದ್ದರು. ಯಾವುದು ಯಾವುದನ್ನು ಗೀರುತ್ತದೆ, ನೀರಿನಲ್ಲಿ ಮುಳುಗಿಸಿದರೆ ತೂಕ ಎಷ್ಟು ಇಳಿಯುತ್ತದೆ ಎಂದು ನೋಡಿ ಜಾತಿ ಹೇಳುವರು. ಮಗಳು ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸುವಳು.

"ಬಣ್ಣ ನಂಬಬ್ಯಾಡ್ರವಾ," ಎನ್ನುತ್ತಿದ್ದರು. "ಮಾಣಿಕ್ಯ ಕೆಂಪು, ನೀಲ ನೀಲಿ. ಎರಡೂ ಒಂದ ಜಾತಿ."

ಅವಳ ಮದುವೆ ಪುಣೆಯಲ್ಲೇ ಆಯಿತು. ಮೊದಲ ದೀಪಾವಳಿಗೆ ಅತ್ತೆಯೊಡನೆ ತವರಿಗೆ ಬಂದಾಗ ಬೆರಳಲ್ಲಿ ಮಾಣಿಕ್ಯದ ಉಂಗುರ. ಆ ಮನೆಯ ಸೊಸೆಯಂದಿರಿಗೆ ನಾಲ್ಕು ತಲೆಮಾರಿನಿಂದ ಬಂದದ್ದಂತೆ. ನಾನೇ ಹುರುಪಿನಿಂದ ಅದನ್ನು ಬಿಚ್ಚಿಸಿ ಕಾಕಾನ ಮುಂದೆ ಹಿಡಿದೆ. "ಇದರ ಜಾತಿ ಹೇಳ್ರಿ ಕಾಕಾ!"

ಕಿಟಕಿಯ ಬಳಿ ಹೋಗಿ ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. "ಭಾಳ ಛಂದ ಅದ" ಎಂದಷ್ಟೇ ಹೇಳಿ ಹಿಂದಿರುಗಿಸಿದರು. ಅತ್ತೆ ಬಿಡಲಿಲ್ಲ.

"ಮುಖ ಯಾಕ ಸಣ್ಣ ಆತ್ರಿ? ಖರೆ ಹೇಳ್ರಿ."

ನೇರ ಕೇಳಿದರೆ ಸುಳ್ಳು ಹೇಳಲು ಬಾರದ ಮನುಷ್ಯ. "ನೆಲದಾಗ ಹುಟ್ಟಿದ ಮಾಣಿಕ್ಯದಾಗ ಗೆರಿ ನೆಟ್ಟಗಿರ್ತಾವ್ರಿ. ಇದರಾಗ ಬಾಗ್ಯಾವ, ದುಂಡನ್ನ ಗುಳ್ಳಿ ಅದಾವ. ಭಟ್ಟಿಯೊಳಗ ಮಾಡಿದ್ದು. ಇಂಥಾವು ಈಚೀಚೆಗೆ ಬಂದಾವ."

"ನಮ್ಮ ಉಂಗುರ ನಾಲ್ಕು ತಲಿದು. ಅಂದಮ್ಯಾಲ ಹರಳು ಬದಲಿ ಆಗೇದ," ಎಂದು ಅತ್ತೆ ಸೊಸೆಯತ್ತ ತಿರುಗಿದರು. "ಈಗ ಯಾರ ಕೈಯಾಗಿತ್ತು ಇದು?"

ಉಂಗುರ ತೆಗೆದುಕೊಂಡು ಹೋದರು. ಸೊಸೆಯನ್ನು ಬಿಟ್ಟು ಹೋದರು.

ಕಾಕಾ ಮೂರು ಸಲ ಆ ಮನೆಗೆ ಹೋಗಿ ಕೈಮುಗಿದರು. ತಮ್ಮ ಕಣ್ಣೇ ಮಂದವಾಗಿದೆ, ತಪ್ಪು ನೋಡಿದೆ ಎಂದೂ ಹೇಳಿದರಂತೆ. ಯಾರೂ ನಂಬಲಿಲ್ಲ. ಗೆಳತಿ ಒಂದು ದಿನವೂ ಅಪ್ಪನನ್ನಾಗಲಿ ನನ್ನನ್ನಾಗಲಿ ದೂರಲಿಲ್ಲ. ಚೀಟಿ ಬರೆಯುತ್ತಲೇ ಇದ್ದಳು. ಎರಡನೆಯ ಮಳೆಗಾಲದಲ್ಲಿ ವಿಷಮಜ್ವರ ಬಂತು. ಮೂರು ವಾರ ನರಳಿದಳು...

ಅವಳು ಹೋಗಿ ಕೆಲವು ತಿಂಗಳಿಗೆ ಅವಳ ಗಂಡ ಬಂದು ಬಾಗಿಲಲ್ಲಿ ನಿಂತ. ಮದುವೆಗೆ ಮುಂಚೆ ಅವನ ತಾಯಿಯೇ ಉಂಗುರವನ್ನು ಸಣ್ಣದು ಮಾಡಿಸಲು ಕೊಟ್ಟಿದ್ದರಂತೆ. ಆಗಲೇ ಅಕ್ಕಸಾಲಿಗ ಹರಳು ಬದಲಿಸಿದ್ದ. ಬೇರೆ ಕಳ್ಳತನದಲ್ಲಿ ಸಿಕ್ಕಿಬಿದ್ದು ಒಪ್ಪಿಕೊಂಡಿದ್ದ. "ತಪ್ಪಾತ್ರಿ ಮಾವಾರ," ಎಂದು ಅತ್ತ.

ಕಾಕಾ ಅವನಿಗೆ ನೀರು ಕೊಟ್ಟರು. "ಅಕಿ ಇದ್ದಾಗ ಬರಬೇಕಿತ್ರಿ," ಎಂದರು.

ಆಮೇಲೆ ಅವರು ಕಲ್ಲು ಮುಟ್ಟಲಿಲ್ಲ. ಎರಡು ವರ್ಷದಲ್ಲಿ ಅವರೂ ಹೋದರು. ಆ ವಾಡೆಯೂ ಈಗಿಲ್ಲ. ಅಂದು ಉಂಗುರ ಬಿಚ್ಚಿಸಿದವಳು ನಾನು ಎಂದು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು. ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ. ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ.