ಪೆಡಲ್ ಮೇಲಿನ ಕಾಲು

ಆ ಬೀದಿಯ ಜನ ಅವನಿಗೆ ಇಟ್ಟ ಹೆಸರು ಒಣಮೇಸ್ತ್ರಿ. ಅವನ ಶೆಡ್ಡಿನಿಂದ ಹೊರಬಿದ್ದ ಜೀಪಿನ ಕೆಳಗೆ ಒಂದು ಹನಿ ಎಣ್ಣೆ ಬೀಳುವುದಿಲ್ಲ ಎಂಬುದು ಒಂದು ಕಾರಣ. ಅವನ ಬಾಯಿಂದ ಒಂದು ಹನಿ ಮಾತೂ ಬೀಳುವುದಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಅವನ ಹೆಂಡತಿ ಇಷ್ಟು ವರ್ಷ ನಗುನಗುತ್ತಲೇ ಹೇಳಿಕೊಂಡು ಬಂದಿದ್ದಳು. ಆಮೇಲೊಂದು ದಿನ ನಗುನಗುತ್ತಲೇ ಬ್ಯಾಗು ತುಂಬಿಕೊಂಡು, "ಅಕ್ಕನ ಅಂಗಡೀಲಿ ಕೈ ಸಾಲ್ತಿಲ್ವಂತೆ, ನಾಲ್ಕು ದಿನ ಇದ್ದು ಬರ್ತೀನಿ ರೀ" ಎಂದು ಹೋದವಳು ತಿಂಗಳುಗಳು ಉರುಳಿದರೂ ಬಂದಿರಲಿಲ್ಲ. ಮುನಿಸಿಕೊಂಡು ಹೋದವರನ್ನು ರಮಿಸಿ ಕರೆತರಬಹುದು. ಮುನಿಸಿಕೊಳ್ಳದೆ ಹೋದವರನ್ನು ಏನೆಂದು ಕರೆಯುವುದು? "ಬಾ" ಎಂದರೆ ಒಂದೇ ಅಕ್ಷರ. ಅದು ಅವನ ಗಂಟಲಲ್ಲಿ ತುಕ್ಕು ಹಿಡಿದ ಬೋಲ್ಟಿನ ಹಾಗೆ ಕೂತುಬಿಟ್ಟಿತ್ತು.

ಅಂದು ಬೆಳಿಗ್ಗೆ ಕಲ್ಲುಕ್ವಾರಿಯ ಡ್ರೈವರು ಜೀಪನ್ನು ಶೆಡ್ಡಿಗೆ ತಂದು ನಿಲ್ಲಿಸಿದ. ನಿಲ್ಲಿಸಿದ ಎನ್ನುವುದಕ್ಕಿಂತ, ಹಳೇ ಟೈರುಗಳ ರಾಶಿಗೆ ಒರಗಿಸಿದ ಎನ್ನಬೇಕು.

"ಮೇಸ್ತ್ರಿ, ಬ್ರೇಕು ತುಳಿದ್ರೆ ಗಾಡಿ ಕೂತು ಯೋಚನೆ ಮಾಡುತ್ತೆ. ನಿಲ್ಲಲೋ, ಬೇಡವೋ ಅಂತ."

ಮೇಸ್ತ್ರಿ ಹಿಂದಿನ ಚಕ್ರದ ಒಳಮೈಗೆ ಬೆರಳಾಡಿಸಿ ಮೂಸಿ ನೋಡಿದ. "ಆಕ್ಸಲ್ ಸೀಲ್ ಹೋಗಿದೆ. ಎಣ್ಣೆ ಬ್ರೇಕಿಗೆ ಇಳಿದಿದೆ."

"ಎರಡೂ ಕಡೇನಾ?"

"ಹೂಂ."

"ಅತ್ತಿಗೆ ಇನ್ನೂ ಬಂದಿಲ್ವಾ?"

"ಸಂಜೆ ಬಾ."

"ನನಗೆ ಬಾ ಅಂತೀರಿ. ಹೇಳಬೇಕಾದೋರಿಗೆ ಮಾತ್ರ ಹೇಳಲ್ಲ" ಎಂದು ಡ್ರೈವರು ನಕ್ಕು ಹೊರಟ.

ಮೇಸ್ತ್ರಿ ಚಕ್ರ ಬಿಚ್ಚಿದ, ಡ್ರಮ್ಮು ಕಳಚಿದ, ಬ್ರೇಕಿನ ಪೈಪು ಬಿಡಿಸಿದ, ಆಕ್ಸಲನ್ನು ಎಳೆದು ಹೊರತೆಗೆದ. ಎಣ್ಣೆ ತಡೆಯಬೇಕಾದ ಸೀಲಿನ ರಬ್ಬರ್ ತುಟಿ ಸುಟ್ಟ ಚರ್ಮದಂತೆ ಗಟ್ಟಿಯಾಗಿತ್ತು. ಆಕ್ಸಲಿನ ಮೈಯನ್ನು ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿದ. ಹೊಸ ಸೀಲಿನ ತುಟಿಗೆ ಗ್ರೀಸು ಸವರಿ, ಸೊಟ್ಟಗಾಗದಂತೆ ಸುತ್ತಲೂ ಮೆಲ್ಲಮೆಲ್ಲನೆ ತಟ್ಟಿ ಕೂರಿಸಿದ. ಎಣ್ಣೆಯಲ್ಲಿ ಮಿಂದಿದ್ದ ಬ್ರೇಕ್ ಶೂಗಳನ್ನು ಬದಲಿಸಿದ. ಇಷ್ಟೂ ಒಬ್ಬನ ಕೆಲಸ. ಒಬ್ಬನಿಂದಾಗದ್ದು ಕೊನೆಯಲ್ಲಿತ್ತು.

ಪೈಪು ಬಿಚ್ಚಿದರೆ ಬ್ರೇಕಿಗೆ ಗಾಳಿ ಸೇರಿ ಪೆಡಲ್ ಮೆತ್ತಗಾಗುತ್ತದೆ. ಆ ಗಾಳಿ ತೆಗೆಯಲು ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಆ ಸೀಟಿನಲ್ಲಿ ಯಾವಾಗಲೂ ಅವಳೇ. ಕೆಳಗಿನಿಂದ ಅವನು "ಒತ್ತು" ಎಂದರೆ ಮೇಲಿನಿಂದ ಅವಳು "ಒತ್ತಿದೆ". "ಬಿಡು" ಎಂದರೆ "ಬಿಟ್ಟೆ, ಇನ್ನೂ ಮೆತ್ತಗಿದೆ". ಅವರ ದಾಂಪತ್ಯದ ಮಾತುಕತೆಯಲ್ಲಿ ಮುಕ್ಕಾಲು ಪಾಲು ನಡೆದದ್ದು ಹೀಗೆ, ಒಬ್ಬರ ಮುಖ ಒಬ್ಬರಿಗೆ ಕಾಣದೆ.

ಅವಳು ಹೋದ ಮೇಲೆ ಒಮ್ಮೆ ಪಕ್ಕದ ಟೈಲರನ್ನು ಕರೆದು ಕೂರಿಸಿದ್ದ. ಹೊಲಿಗೆಯಂತ್ರ ತುಳಿದು ಪಳಗಿದ ಕಾಲು. ಒತ್ತಿ ಹಿಡಿ ಎಂದರೆ ಹಿಡಿಯುವುದೆಲ್ಲಿ ಬಂತು, ಅಂಗಿ ಹೊಲಿದುಕೊಂಡೇ ಹೋಯಿತು. ಅಂದಿನಿಂದ ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ಕೆಲಸ ಸಾಗಿಸುತ್ತಿದ್ದ. ಎರಡೂ ಸುದ್ದಿ ಬೀದಿಯವರ ಬಾಯಿಂದ ಅವಳಿಗೆ ಮುಟ್ಟಿತ್ತು. ಇಂದೂ ಕೋಲಿತ್ತು. ಆದರೂ ಫೋನು ಮಾಡಿದ.

"ನಾನು."

"ಗೊತ್ತು ರೀ, ಹೆಸರು ಕಾಣುತ್ತೆ. ಊಟ ಆಯ್ತಾ?"

"ಆಯ್ತು. ಕ್ವಾರಿ ಜೀಪು ಬಂದಿದೆ. ಎರಡೂ ಕಡೆ ಸೀಲು."

"ಹಾಗಾದ್ರೆ ಏರ್ ತೆಗೀಬೇಕು."

"ಅದಕ್ಕೇ... ಒಂದು ಕಾಲು ಬೇಕಿತ್ತು."

ಆ ಕಡೆ ಯಾರೋ ಸೋಪು ಕೇಳಿದರು. ಅವಳು ಕೊಟ್ಟು ಬಂದಳು. "ಕಾಲು ಬೇಕಾ, ನಾನು ಬೇಕಾ?" ಎಂದಳು. ಕೊಂಕಿರಲಿಲ್ಲ. ಯಾವ ಸೈಜಿನ ಸ್ಪ್ಯಾನರು ಎಂದು ಕೇಳಿದ ಹಾಗಿತ್ತು.

ಮೇಸ್ತ್ರಿ ಖಾಲಿ ಡ್ರೈವರ್ ಸೀಟನ್ನು ನೋಡಿದ. ಬಾಯಿ ತೆರೆದ. "ಜೀಪು ಸಂಜೆಗೆ ಕೊಡಬೇಕು" ಎಂದ.

"ಸರಿ ಬಿಡಿ, ಕೋಲು ಕೊಟ್ಟು ಮಾಡಿ. ಟೈಲರಣ್ಣನ್ನ ಮಾತ್ರ ಕೂರಿಸಬೇಡಿ."

ಅವನು ಕೋಲು ಸಿಕ್ಕಿಸಿ ಕೆಳಗೆ ತೆವಳಿದ, ನಿಪ್ಪಲ್ ಬಿಟ್ಟ, ಬಿಗಿದ, ಮೇಲೆದ್ದ, ಮತ್ತೆ ತೆವಳಿದ. ಕೋಲಿಗೆ ಒತ್ತುವುದು ಗೊತ್ತಿತ್ತು, ಮೆತ್ತಗಿದೆ ಎಂದು ಹೇಳುವುದು ಗೊತ್ತಿರಲಿಲ್ಲ.

ಸಂಜೆ ಡ್ರೈವರು ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದ. "ಹಲ್ಲು ಉದುರೋ ಹಾಗೆ ನಿಲ್ಲುತ್ತಲ್ಲ ಮೇಸ್ತ್ರಿ!" ಎಂದು ಹೊಗಳಿ ಹೋದ. ಜೀಪಿನ ಸದ್ದು ತಿರುವಿನಲ್ಲಿ ಅಡಗುವಷ್ಟರಲ್ಲಿ ಫೋನು ಬಂತು. ಅವಳೇ.

"ಪೆಡಲ್ ಗಟ್ಟಿ ಬಂತಾ?"

"ಬಂತು."

"ಪೂರ್ತಿ?"

"ಪೂರ್ತಿ."

ಅವಳು ಸ್ವಲ್ಪ ಹೊತ್ತು ಕಾದಳು. ಇವನೂ ಕಾದ, ಅವಳೇನಾದರೂ ಹೇಳುತ್ತಾಳೆಂದು.

"ಹಾಗಾದ್ರೆ ಸರಿ ರೀ" ಎಂದು ಇಟ್ಟಳು.

ಅವನಿಗೆ ಹೊಳೆದದ್ದು ಆಮೇಲೆ, ನಲ್ಲಿಯ ಕೆಳಗೆ ಕೈ ತೊಳೆಯುವಾಗ. ಗಟ್ಟಿ ಬಂದಿಲ್ಲ ಕಣೇ, ಇನ್ನೂ ಮೆತ್ತಗೇ ಇದೆ ಎಂದಿದ್ದರೆ ಸಾಕಿತ್ತು. ಬ್ರೇಕಿನ ವಿಷಯದಲ್ಲಿ ಆಯುಷ್ಯವಿಡೀ ಯಾರಿಗೂ ಸುಳ್ಳು ಹೇಳದ ನಾಲಿಗೆ, ಸುಳ್ಳು ಬೇಕಿದ್ದ ಒಂದೇ ಜಾಗದಲ್ಲಿ ನಿಜ ಹೇಳಿ ಕೂತಿತ್ತು. ಈಗಲೂ ಹೊತ್ತು ಮೀರಿರಲಿಲ್ಲ. ಫೋನು ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಕೈಯಲ್ಲಿ ಇನ್ನೂ ಎಣ್ಣೆಯ ಜಿಡ್ಡಿದೆ ಎಂದು ತನಗೆ ತಾನೇ ಹೇಳಿಕೊಂಡು, ಅವನು ಮತ್ತೊಮ್ಮೆ ಸೋಪು ತೆಗೆದುಕೊಂಡ.