ಕ್ಷಮೆ ಕೇಳದ ಅರ್ಜಿ

ನನ್ನ ಗಂಡ ಸೈನ್ಯ ಬಿಟ್ಟಾಗ ಅವರ ಡಿಸ್ಚಾರ್ಜ್ ಪುಸ್ತಕದಲ್ಲಿ ‘ನಡತೆ: ಸಾಧಾರಣ’ ಎಂದು ಬರೆದುಕೊಟ್ಟಿದ್ದರು. ನನ್ನ ಹೆರಿಗೆ ಕಷ್ಟವಾಗಿ, ರಜೆ ಮುಗಿದರೂ ಅವರು ಆಸ್ಪತ್ರೆಯಲ್ಲೇ ಉಳಿದದ್ದು ಕಾರಣ. ಈಗ ದುಬೈಯಲ್ಲಿ ಸೆಕ್ಯುರಿಟಿ ಕೆಲಸ. ಆ ಒಂದು ಮಾತಿನಿಂದ ಸೂಪರ್‌ವೈಸರ್ ಹುದ್ದೆ ಕೈತಪ್ಪುವುದರಲ್ಲಿತ್ತು. ಅದನ್ನು ತಿದ್ದಿಸಲು ಸೈನ್ಯಕ್ಕೆ ಮೇಲ್ಮನವಿ ಬರೆಸೋಣವೆಂದು ಮಗಳನ್ನು ಸೊಂಟಕ್ಕೇರಿಸಿ, ಗಂಡನನ್ನು ಎಳೆದುಕೊಂಡು ಇಲ್ಲಿನ ಸತ್ವಾ ಬಡಾವಣೆಯಲ್ಲಿ ಅರ್ಜಿ ಬರೆದುಕೊಡುವ ಟೈಪಿಂಗ್ ಸೆಂಟರಿಗೆ ಹೋದೆ.

ಅಲ್ಲಿ ಟೈಪ್ ಮಾಡುವ ಬ್ಯಾರಿ ಕಾಕ ವಿಷಯ ಕೇಳಿದವರೇ ‘ನನ್ನ ತಪ್ಪನ್ನು ದಯವಿಟ್ಟು ಮನ್ನಿಸಿ’ ಎಂದು ಶುರುಮಾಡಿದರು.

“ತಪ್ಪು ಯಾರದ್ದು ಕಾಕಾ?”

“ವೀಸಾಕ್ಕೂ ಇದೇ, ಬಾಡಿಗೆಗೂ ಇದೇ. ಕಾಲು ಹಿಡಿಯದೆ ಯಾವ ಅರ್ಜಿಯೂ ದಾಟುವುದಿಲ್ಲ ಮಗಳೇ.”

“ಮನ್ನಿಸಿ ಅಂದರೆ ತಪ್ಪು ಒಪ್ಪಿಕೊಂಡಂತೆ. ಅಳಿಸಿ. ಹೆಂಡತಿ ಸಾಯುವ ಹಾಗಿದ್ದಳು, ಪಕ್ಕದಲ್ಲಿದ್ದೆ, ಫೋನಿನಲ್ಲಿ ತಿಳಿಸಿದ್ದೆ ಅಂತ ಬರೆಯಿರಿ.”

ಗಂಡ ಅಟೆನ್ಷನ್‌ನಲ್ಲಿ ನಿಂತೇ ಪಿಸುಗುಟ್ಟಿದರು: “ಸಾಹೇಬರಿಗೆ ಸಿಟ್ಟು ಬಂದರೆ?”

“ಬರಲಿ. ಹೆರಿಗೆ ಅವರಿಗಾದದ್ದಲ್ಲವಲ್ಲ.”

ಕ್ಷಮೆಯನ್ನೆಲ್ಲ ತೆಗೆದ ಮೇಲೆ ಹಾಳೆಯಲ್ಲಿ ನಾಲ್ಕೇ ಸಾಲು ಉಳಿಯಿತು. “ಇಷ್ಟು ಸಣ್ಣದನ್ನು ಯಾರು ಓದುತ್ತಾರೆ?” ಎಂದರು ಕಾಕ. ಗಂಡ ಸಹಿ ಹಾಕಿದರು.

ಉತ್ತರ ಇನ್ನೂ ಬಂದಿಲ್ಲ. ಆಗುವುದಿಲ್ಲವೆಂದರೆ ಅವರಿಗಿಂತ ಮೇಲಿನವರಿಗೆ ಬರೆಸುತ್ತೇನೆ. ದೊಡ್ಡವರಿಗೆ ಪುರುಸೊತ್ತು ಕಡಿಮೆ. ಮೂರೇ ಸಾಲು ಸಾಕು.