ನಿಂತ ಪುಟದಿಂದ ಮುಂದೆ

ನನ್ನ ಎರಡನೇ ಮಗಳಿಗೆ ಬಾಲವಾಡಿಯ ಒಂದು ವರ್ಷವನ್ನು ನಾನು ಮನೆಯಲ್ಲೇ ಕಲಿಸಿದೆ. ಗೋವಾದ ಸಾಂಕೋಲೆಯ ನಮ್ಮ ಓಣಿಯಲ್ಲಿ ಇದನ್ನು ಕೇಳಿ ನಗದವರಿಲ್ಲ. ಹತ್ತನೇ ಇಯತ್ತೆಯಲ್ಲಿ ಗಣಿತಕ್ಕೆ ಎರಡು ಸಲ ಕೂತು ಪಾಸಾದವಳು ಈಗ ಮಾಸ್ತರಿಕೆ ಮಾಡುತ್ತಾಳಂತೆ ಎಂದು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ. ಬಾಲವಾಡಿ ನಮ್ಮ ಮನೆಯಿಂದ ಕೂಗಳತೆ ದೂರ. ಮಕ್ಕಳು ಒಟ್ಟಾಗಿ ಹಾಡುವುದು ನಾನು ಒಲೆಯ ಮುಂದೆ ಕೂತರೂ ಕೇಳುತ್ತಿತ್ತು. ನನ್ನ ದೊಡ್ಡ ಮಗಳೂ ನಾಲ್ಕು ತಿಂಗಳು ಅಲ್ಲಿ ಹಾಡಿದ್ದಳು.

ಅವಳು ಕೊನೆಯ ಸಲ ಅಲ್ಲಿಗೆ ಹೋದ ಬೆಳಿಗ್ಗೆಯ ಒಂದೊಂದು ಗಳಿಗೆಯೂ ನನಗೆ ನೆನಪಿದೆ. ಮಳೆಗಾಲ ಮುಗಿಯುತ್ತ ಬಂದಿತ್ತು. ನಾನು ಆಗ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆ. ಅಂದು ಸ್ಲ್ಯಾಬ್ ಹಾಕುವ ದಿನ. ಸ್ಲ್ಯಾಬಿನ ದಿನ ರಜೆ ಎಂಬ ಮಾತೇ ಇಲ್ಲ, ಬುಟ್ಟಿ ಕೈಯಿಂದ ಕೈಗೆ ಹೋಗುವ ಸಾಲಿನಲ್ಲಿ ಒಬ್ಬರು ಕಡಿಮೆಯಾದರೂ ಮೇಸ್ತ್ರಿ ಬಾಯಿಗೆ ಬಂದಂತೆ ಬೈಯುತ್ತಾನೆ. ಜಡೆ ಹಾಕುವಾಗ ಅವಳ ಕತ್ತು ಬೆಚ್ಚಗಿತ್ತು. "ಯವ್ವಾ, ಇವತ್ತ ಒಲ್ಲೆ," ಎಂದಳು. "ಸುಮ್ನ ನಡಿ, ನಾಟಕ ಮಾಡಬ್ಯಾಡ," ಎಂದು ಬೆನ್ನಿಗೊಂದು ಗುದ್ದು ಕೊಟ್ಟು ಬಾಲವಾಡಿಗೆ ಬಿಟ್ಟು ಹೋದೆ. ಸಂಜೆಗೆ ಮೈ ಕೆಂಡವಾಗಿತ್ತು. ಡೆಂಗಿ ಎಂದರು. ಐದನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಐದೂವರೆ ವರ್ಷವಾಗಿತ್ತು. ಅಂದು ಮನೆಯಲ್ಲಿ ಇಟ್ಟುಕೊಂಡಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ನಾನೇ ಕಳಿಸಿ ಕೊಂದೆ.

ವರ್ಷ ತುಂಬುವುದರೊಳಗೆ ಎರಡನೆಯವಳು ಹುಟ್ಟಿದಳು. ಕೂಸು ಸತ್ತ ಮನೆಯಲ್ಲಿ ಬೇಗ ಇನ್ನೊಂದು ಕೂಸು ಹುಟ್ಟಿದರೆ ಸತ್ತದ್ದೇ ತಿರುಗಿ ಬಂದಿದೆ ಅನ್ನುವುದು ನಮ್ಮ ವಿಜಯಪುರದ ಕಡೆಯ ನಂಬಿಕೆ. ನನಗೆ ತಾಯಿ ಇಲ್ಲ, ಬಾಣಂತನಕ್ಕೆ ಊರಿಂದ ಅತ್ತೆ ಬಂದಿದ್ದರು. ಎಣ್ಣೆ ಹಚ್ಚುವಾಗ ಕೂಸಿನ ಕಿವಿ ಮಡಚಿ ನೋಡಿ ಕೂಗಿದರು: "ನೋಡಿಲ್ಲೆ, ಅದ ಮಚ್ಚಿ! ಹೊಳ್ಳಿ ಬಂದಾಳವಾ ನಿನ್ನ ಮಗಳು!" ದೊಡ್ಡವಳಿಗೆ ಮಚ್ಚೆ ಇದ್ದದ್ದು ಎಡಗಿವಿಯ ಹಿಂದೆ. ಇವಳಿಗೆ ಬಲಗಿವಿಯ ಹಿಂದೆ. ನಾನು ನೋಡಿದೆ, ತುಟಿ ಪಿಟಕ್ಕೆನ್ನಲಿಲ್ಲ. ಇವಳಿಗೂ ಅದೇ ಹೆಸರಿಟ್ಟೆವು.

ಇವಳಿಗೆ ಐದು ತುಂಬುವ ಹೊತ್ತಿಗೆ ನಾನು ಕಟ್ಟಡದ ಕೆಲಸ ಬಿಟ್ಟು, ನಮ್ಮ ಕಡೆಯ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದೆ. ಗಂಡನಿಗೆ ಮುರ್ಮುಗಾಂವ್ ಬಂದರಿನಲ್ಲಿ ಲೋಡಿಂಗ್ ಕೆಲಸ. ಜೂನ್ ಬಂದಾಗ ಕೇಳಿದ: "ಬಾಲವಾಡಿಗಿ ಹೆಸರ ಹಚ್ಚೂದಿಲ್ಲೇನು?"

"ಒಲ್ಲೆ. ನಾನ ಕಲಸ್ತೀನಿ."

"ಅಲ್ಲೆ ಹುಡುಗ್ರು ಇರ್ತಾವು, ಆಡ್ತಾಳ."

"ಅಲ್ಲೆ ಕಳಸೂದಿದ್ರ ನನ್ನ ಹೆಣದ ಮ್ಯಾಲೆ ಹಾದು ಕರಕೊಂಡ ಹೋಗ್ರಿ," ಎಂದೆ. ಪಾಪ, ಮತ್ತೆ ಕೇಳಲಿಲ್ಲ.

ನಮ್ಮ ಸಾಲಿ ಹತ್ತು ಗಂಟೆಗೆ, ಬಾಲವಾಡಿಯ ಗಂಟೆ ಹೊಡೆದ ಕೂಡಲೇ ಶುರು. ಗೋಡೆಯ ಬದಿಗೆ ಚಾಪೆ ಹಾಸುತ್ತಿದ್ದೆ. ಲೆಕ್ಕ ಕಲಿತದ್ದು ರೊಟ್ಟಿಯ ಮೇಲೆ: ಬುಟ್ಟಿಯಲ್ಲಿ ಹತ್ತು, ಎರಡು ತೆಗೆದರೆ ಎಷ್ಟು. ಬಣ್ಣ ಕಲಿತದ್ದು ಓಣಿಯ ಹಗ್ಗದ ಮೇಲೆ ಒಣಗುವ ಸೀರೆಗಳಿಂದ. ವಾರಗಳ ಹೆಸರು ಅಪ್ಪನ ಪಾಳಿಯಿಂದ. ಅಷ್ಟನ್ನು ನಾನು ಚಲೋ ಕಲಿಸಿದೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನಾಚಿಕೆ ಇರುವುದು ಬರವಣಿಗೆಯ ವಿಷಯದಲ್ಲಿ. ಮೊದಲ ದಿನ ಟ್ರಂಕಿನಿಂದ ದೊಡ್ಡವಳ ನೋಟ್‌ಬುಕ್ ತೆಗೆದೆ. ಅ ಆ ಇಂದ ಟ ವರೆಗೆ ಬರೆದಿದ್ದಳು, ಟ ಸಾಲಿನ ಅರ್ಧಕ್ಕೆ ನಿಂತಿತ್ತು. ಮುಂದೆಲ್ಲ ಖಾಲಿ. ಹೊಸದೊಂದು ತರಬಹುದಿತ್ತು, ಅಂಗಡಿ ಎದುರಿಗೇ ಇದೆ. ಆದರೆ ಆ ಖಾಲಿ ಪುಟಗಳನ್ನು ಐದಾರು ವರ್ಷ ತೆಗೆದು ತೆಗೆದು ನೋಡಿದ್ದೆ. ಅವು ತುಂಬುವುದನ್ನು ಕಾಣಬೇಕಿತ್ತು. ಇವಳ ಕೈಗೆ ಪೆನ್ಸಿಲ್ ಕೊಟ್ಟು, ಕೈ ಹಿಡಿದು, ಆ ಅರ್ಧ ಸಾಲಿನ ಮೇಲೇ ಇಟ್ಟೆ.

"ಯವ್ವಾ, ಇವು ಯಾರು ಬರದದ್ದು?"

"ನೀನ ಬರದದ್ದು. ಮೊದಲ ಬಂದಾಗ."

"ಮತ್ತ ಯಾಕ ನಿಲ್ಲಿಸಿದೆ?"

"ಆವಾಗ ನೀ ಸತ್ತಿ. ಈಗ ಹೊಳ್ಳಿ ಬಂದಿ, ಮುಂದ ಬರಿ."

ಅಷ್ಟು ಸಲೀಸಾಗಿ ಹೇಳಿಬಿಟ್ಟೆ. ಹಿಂದಿನ ಅಕ್ಷರಗಳನ್ನು ಓದಲು ಕಲಿಸಿದೆ, ಬರೆಸಲಿಲ್ಲ. ಬರೆದಾಗಿದೆಯಲ್ಲ!

ಆಮೇಲೆ ಅವಳ ಪ್ರಶ್ನೆಗಳು ಶುರುವಾದವು. ಅವಾಗ ನಾ ಹೆಂಗಿದ್ದೆ, ಅವಾಗ ನನಗ ಏನು ಸೇರ್ತಿತ್ತು? ಬೆಂಡೆಕಾಯಿ ನಿನಗೆ ಸೇರುತ್ತಿರಲಿಲ್ಲ ಎಂದೆ. ತಾಟು ನೆಕ್ಕುವಷ್ಟು ಇಷ್ಟಪಟ್ಟು ಬೆಂಡೆಕಾಯಿ ತಿನ್ನುತ್ತಿದ್ದವಳು ಮರುದಿನದಿಂದ ಮುಟ್ಟಲಿಲ್ಲ. ಒಂದು ದಿನ ಬಾಲವಾಡಿಯ ಒಳಗಿನ ಕಪಾಟು ನೀಲಿ ಬಣ್ಣದ್ದು ಎಂದಳು. ಅದನ್ನು ನಾನು ಹೇಳಿರಲಿಲ್ಲ, ಅವಳು ಒಳಗೆ ಹೋದವಳೂ ಅಲ್ಲ. ನನ್ನ ರೋಮ ಎದ್ದು ನಿಂತವು, ಹೆದರಿಕೆಗಲ್ಲ, ಖುಷಿಗೆ. ದೊಡ್ಡವಳು ತನಗೆ ಹೇಳಿದ್ದನ್ನೆಲ್ಲ ಅತ್ತೆ ಫೋನಿನಲ್ಲಿ ಈ ಮೊಮ್ಮಗಳ ಕಿವಿಗೆ ಊದುತ್ತಾರೆಂದು ತಿಂಗಳಾದ ಮೇಲೆ ಗೊತ್ತಾಯಿತು. ಗೊತ್ತಾದರೂ ಬಿಡಿಸಿ ಕೇಳಲಿಲ್ಲ.

ಕೆಲವು ಬೆಳಿಗ್ಗೆ ರೊಟ್ಟಿ ತಟ್ಟುತ್ತ ತಿರುಗಿ ನೋಡಿದರೆ, ನೋಟ್‌ಬುಕ್ಕಿನ ಮೇಲೆ ಬಾಗಿದ ಆ ಬೆನ್ನು ಯಾರದ್ದು ಎಂಬುದೇ ತಿಳಿಯುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಇಬ್ಬರೂ ತಿರುಗುತ್ತಾರೆ ಅನಿಸುತ್ತಿತ್ತು. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಹಣೆ ಮುಟ್ಟುತ್ತಿದ್ದೆ, ತಣ್ಣಗಿದ್ದರೆ ಮತ್ತೆ ಬಂದು ಒಲೆಯ ಮುಂದೆ ಕೂರುತ್ತಿದ್ದೆ. ದಿನಕ್ಕೆ ಎಂಟು ಹತ್ತು ಸಲ ಹೀಗೆ. ಅವಳ ಹಣೆ ಯಾವಾಗಲೂ ಹಿಟ್ಟಿನಿಂದ ಬೆಳ್ಳಗಿರುತ್ತಿತ್ತು.

ಬರೆಯುವುದರಲ್ಲಿ ಮಾತ್ರ ಅವಳನ್ನು ಹಿಡಿಯುವವರಿಲ್ಲ. ಉಣ್ಣಲು ಕರೆದರೆ ಇನ್ನೊಂದು ಸಾಲು, ಆಡಲು ಕರೆದರೆ ಇನ್ನೊಂದು ಸಾಲು. ಆ ನೋಟ್‌ಬುಕ್ ದೀಪಾವಳಿಗೆ ಮುಗಿಯಿತು, ಅಳುತ್ತ ಇನ್ನೊಂದು ತರಿಸಿಕೊಂಡಳು, ಅದು ಮುಗಿದು ಮತ್ತೊಂದು. ಓಣಿಯ ನಗುವವರ ಮುಂದೆ ಅವನ್ನು ಹಿಡಿದು ತೋರಿಸಿ ಬಂದೆ. ಗಂಡ ಮಾತ್ರ ಒಂದು ಭಾನುವಾರ ಅವಳನ್ನೇ ನೋಡುತ್ತ ಕೂತು, "ಈಕಿ ಬರಿಯೂದ ನೋಡಿದ್ರ ನನಗ ಅಂಜಿಕಿ ಬರ್ತೈತಿ," ಎಂದ.

"ಓದೂ ಮಕ್ಕಳನ್ನ ನೋಡಿ ಅಂಜಾವರನ್ನ ಇವತ್ತ ನೋಡಿದ್ನಿ," ಎಂದು ಅವನ ಬಾಯಿ ಮುಚ್ಚಿಸಿದೆ. ಅವನಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಮರುವರ್ಷ ಒಂದನೇ ಇಯತ್ತೆಗೆ ಹೆಸರು ಹಚ್ಚಲೇಬೇಕಾಯಿತು. ಕನ್ನಡ ಶಾಲೆಗೆ ಕರೆದುಕೊಂಡು ಹೋದೆ, ಅವಳಿಗಿಂತ ನನ್ನ ಕೈಯೇ ಹೆಚ್ಚು ಬೆವರುತ್ತಿತ್ತು. ನಮ್ಮ ಕಡೆಯವರೇ ಒಬ್ಬ ಅಕ್ಕೋರು, ಅಂದರೆ ಟೀಚರು, ಕಾಗದ ಪೆನ್ಸಿಲ್ ಕೊಟ್ಟು, "ಅ ದಿಂದ ಬರಿ ನೋಡೂಣವಾ," ಎಂದರು. ಮಗಳು ನನ್ನ ಮುಖ ನೋಡಿದಳು. ಆಮೇಲೆ ಟ ದಿಂದ ಶುರು ಮಾಡಿದಳು.

"ಮೊದಲಿನವು ಬರೂದಿಲ್ಲೇನು?"

"ಅವು ಮೊದಲ ಬಂದಾಗ ಬರದೀನ್ರಿ."

ಅಕ್ಕೋರು ನಕ್ಕರು. ಮಗಳು ಬರೆಯುತ್ತಲೇ ಇದ್ದಳು. ಕಾಗದ ಮುಗಿಯಿತು, ಹಿಂದೆ ತಿರುಗಿಸಿದಳು, ಅದೂ ಮುಗಿಯಿತು, ಟೇಬಲ್ಲಿನ ಕಟ್ಟಿಗೆಯ ಮೇಲೆ ಮುಂದುವರಿಸಿದಳು. "ಸಾಕವಾ, ಭಾಳ ಚಲೋ ಬರದಿ, ನಿಲ್ಲಸು," ಎಂದು ಅಕ್ಕೋರು ಪೆನ್ಸಿಲ್ ಹಿಡಿದರು. ಮಗಳು ಚೀರಿದಳು. ಅಂಥ ಚೀರು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ.

"ನಿಲ್ಲಸಬಾರದ್ರಿ! ಆವಾಗ ಅರ್ಧಕ್ಕ ನಿಲ್ಲಿಸಿದ್ದಕ್ಕ ನಾ ಸತ್ತಿದ್ನಿ! ಮತ್ತ ಸಾಯ್ತೀನ್ರಿ!"

ಅಕ್ಕೋರು ನನ್ನ ಕಡೆ ನೋಡಿದರು. ವರ್ಷವಿಡೀ ನಾನು ಜಾಣತನ ಎಂದು ಮೆರೆಸಿದ್ದು ಅವಳ ಹೆದರಿಕೆಯನ್ನು. ಸಾಯಬಾರದೆಂದು ಮನೆಯಲ್ಲಿಟ್ಟುಕೊಂಡೆ, ನೀನು ಸತ್ತವಳು ಎಂದು ದಿನಾ ಹತ್ತು ಗಂಟೆಗೆ ಪಾಠ ಮಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವಳನ್ನು ಎತ್ತಿಕೊಂಡು ಹೊರಗೆ ಬಂದು ಶಾಲೆಯ ಪಾವಟಿಗೆಯ ಮೇಲೆ ಕೂತೆ. ಪೆನ್ಸಿಲ್ ಇನ್ನೂ ಮುಷ್ಟಿಯಲ್ಲಿತ್ತು. ನನ್ನ ಸೀರೆಯ ಮೇಲೆ ಗೆರೆ ಎಳೆಯುತ್ತಿದ್ದಳು.

"ಅದು ನೀ ಬರದದ್ದಲ್ಲ," ಎಂದೆ.

"ಮತ್ತ ಯಾರು?"

"ನಿಮ್ಮ ಅಕ್ಕ." ಆರು ವರ್ಷದಲ್ಲಿ ಈ ಶಬ್ದ ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. "ನೀ ಸತ್ತಾಕಿ ಅಲ್ಲ. ಆಕಿ ಸತ್ತಾಳ. ಬರಿಯೂದ ನಿಲ್ಲಿಸಿ ಅಲ್ಲ, ಜ್ವರ ಬಂದು. ಒಲ್ಲೆ ಅಂದ್ರೂ ನಾ ಆಕೀನ ಬಡದು ಸಾಲಿಗಿ ಕಳಿಸಿದ್ನಿ."

ಅವಳು ಗೆರೆ ಎಳೆಯುತ್ತಲೇ ಇದ್ದಳು. "ಹಂಗಾರ ಆಕಿ ಹೊಳ್ಳಿ ಬಂದಿಲ್ಲೇನು?"

"ಇಲ್ಲ. ಬರೂದಿಲ್ಲ."

ಆಸ್ಪತ್ರೆಯಲ್ಲಿ ಬಿಳಿ ಬಟ್ಟೆ ಮುಚ್ಚಿದಾಗಲೂ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ನನ್ನ ದೊಡ್ಡ ಮಗಳು ನನಗೆ ಸತ್ತದ್ದು ಆ ಪಾವಟಿಗೆಯ ಮೇಲೆ. ಹೋಗಿ ಬರುವವರು ನೋಡುತ್ತಿದ್ದರೂ ನಾನು ಬಾಯಿಬಿಟ್ಟು ಅತ್ತೆ. ಸಣ್ಣವಳು ಮೆಲ್ಲಗೆ ಮುಷ್ಟಿ ಬಿಚ್ಚಿ ಪೆನ್ಸಿಲ್ಲನ್ನು ಕಲ್ಲಿನ ಮೇಲೆ ಇಟ್ಟಳು. ಉಸಿರು ಬಿಗಿಹಿಡಿದು, ಏನಾಗುತ್ತದೋ ಎಂದು ಕಾದಳು. ಏನೂ ಆಗಲಿಲ್ಲ.

"ಯವ್ವಾ," ಎಂದಳು, "ನನ್ನ ಕೈ ಭಾಳ ನೋಯಾಕತ್ತೈತಿ."